ಹೊರಡುವವರ ಋಣ: ಋಷ್ಯಶೃಂಗನ ನಾಡಿನಲ್ಲಿ ಉದ್ಯೋಗ ವೀಸಾದ ಧರ್ಮಜಿಜ್ಞಾಸೆ

ಒಂದು ದೇಶವು ತನ್ನಲ್ಲಿ ಸಾಕಷ್ಟು ಜನ ಸಿಗದ ಕೆಲಸಕ್ಕೆ ಹೊರದೇಶದ ಪರಿಣತರನ್ನು ಕರೆಸಿಕೊಳ್ಳುವಾಗ, ಅವರ ವಿದ್ಯೆ, ಅನುಭವ, ವಯಸ್ಸು, ಭಾಷಾಜ್ಞಾನ ಮೊದಲಾದವುಗಳಲ್ಲಿ ತನಗೆ ಬೇಕಾದವನ್ನು ಪರಿಶೀಲಿಸಿ, ನಿಗದಿತ ಅವಧಿಗೋ ಕಾಯಂ ಆಗಿಯೋ ನೀಡುವ ಅನುಮತಿಯೇ ನುರಿತ ಉದ್ಯೋಗಿಗಳ ವೀಸಾ. ಅಮೆರಿಕದ ಎಚ್-1ಬಿ, ಬ್ರಿಟನ್ 2020ರ ಡಿಸೆಂಬರಿನಲ್ಲಿ ಜಾರಿಗೆ ತಂದ ಸ್ಕಿಲ್ಡ್ ವರ್ಕರ್ ವೀಸಾ, ಆಸ್ಟ್ರೇಲಿಯಾದ ಅಂಕಾಧಾರಿತ ವೀಸಾ ಇವೆಲ್ಲ ಈ ಬಗೆಯವು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿಯೂ ಈ ಹೆಸರುಗಳು ಈಗ ಅಪರಿಚಿತವಲ್ಲ. ಶೃಂಗೇರಿ ಮತ್ತು ಕೊಪ್ಪದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ಹಲವು ದಶಕಗಳಿಂದ ಕಾಡುತ್ತಿದ್ದು, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವೂ ಅದರ ಜೊತೆ ಸೇರಿರುವುದರಿಂದ, ತೋಟವನ್ನೇ ನಂಬಿ ಬದುಕು ಎಂದು ಮಗನಿಗೋ ಮಗಳಿಗೋ ಹೇಳುವ ಧೈರ್ಯ ಅನೇಕ ಹಿರಿಯರಿಗೆ ಉಳಿದಿಲ್ಲ. ಹೀಗಿರುವಾಗ ಪರದೇಶಕ್ಕೆ ಅರ್ಜಿ ಹಾಕುವುದು ಆರ್ಥಿಕವಾಗಿ ಸರಿಯೇ ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ. ಅದು ಧರ್ಮವೇ ಎಂಬ ಪ್ರಶ್ನೆ ಅಷ್ಟು ಸುಲಭವಲ್ಲ. ಅದನ್ನು ಕೇಳಿಕೊಳ್ಳುವುದಕ್ಕೆ ಬೇಕಾದ ಸಾಮಗ್ರಿಯಂತೂ ಈ ಮೂರು ತಾಲ್ಲೂಕುಗಳ ಪರಂಪರೆಯಲ್ಲಿಯೇ ಧಾರಾಳವಾಗಿದೆ.

ಈ ಪ್ರಶ್ನೆಯನ್ನು ಹಿಂದಿನವರು ಸಮುದ್ರಯಾನದ ಪ್ರಶ್ನೆಯಾಗಿ ಕಂಡರು. ಬೌಧಾಯನ ಧರ್ಮಸೂತ್ರವು ಕಡಲ ಪ್ರಯಾಣವನ್ನು ಪತನೀಯಗಳಲ್ಲಿ, ಅಂದರೆ ಮನುಷ್ಯನನ್ನು ತನ್ನ ವರ್ಣದ ಸ್ಥಾನದಿಂದ ಕೆಳಗಿಳಿಸುವ ಕರ್ಮಗಳಲ್ಲಿ ಸೇರಿಸಿ, ಅದಕ್ಕೆ ಮೂರು ವರ್ಷಗಳ ಪ್ರಾಯಶ್ಚಿತ್ತವನ್ನು ಹೇಳುತ್ತದೆ. ಅದೇ ಗ್ರಂಥವು ಕಡಲ ಪ್ರಯಾಣವನ್ನು ಉತ್ತರದೇಶದವರ ಆಚಾರಗಳಲ್ಲೊಂದು ಎಂದೂ ಗುರುತಿಸುವುದರಿಂದ, ನಿಷೇಧ ಬರೆಯುವ ಕಾಲದಲ್ಲಿಯೇ ಜನ ಕಡಲು ದಾಟುತ್ತಿದ್ದರು ಎಂಬುದು ಸ್ಪಷ್ಟ. ಮುಂದೆ ಕಲಿವರ್ಜ್ಯಗಳ, ಎಂದರೆ ಕಲಿಯುಗದಲ್ಲಿ ಮಾಡಬಾರದೆಂದು ನಿಬಂಧಕಾರರು ಪಟ್ಟಿ ಮಾಡಿದ ಆಚರಣೆಗಳ ಸಾಲಿಗೆ ಇದು ಸೇರಿತು. ಹಡಗಿನಲ್ಲಿ ಹೋಗಿಬಂದ ದ್ವಿಜನನ್ನು ಪ್ರಾಯಶ್ಚಿತ್ತದ ನಂತರವೂ ಪಂಕ್ತಿಗೆ ಸೇರಿಸಿಕೊಳ್ಳಬಾರದು ಎಂಬಷ್ಟು ನಿಯಮ ಬಿಗಿಯಾಯಿತು.

ಈ ನಿಷೇಧದ ಛಾಯೆ ಇನ್ನೂ ಪೂರ್ತಿ ಅಳಿದಿಲ್ಲವೆಂಬುದಕ್ಕೆ ಘಟ್ಟದ ಕೆಳಗಿನ ಉಡುಪಿಯೇ ಸಾಕ್ಷಿ. ಎರಡು ವರ್ಷಗಳಿಗೊಮ್ಮೆ ಕೃಷ್ಣಪೂಜೆಯ ಅಧಿಕಾರವು ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಲ್ಲುವ ಪರ್ಯಾಯದಲ್ಲಿ, 2008ರ ಸರದಿ ಪುತ್ತಿಗೆ ಮಠದ್ದಾಗಿತ್ತು. ಆ ಮಠದ ಸುಗುಣೇಂದ್ರತೀರ್ಥರು ವಿದೇಶಪ್ರಯಾಣ ಮಾಡಿದ್ದರಿಂದ ಅವರು ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಆಗ ನಾಡಿನಾದ್ಯಂತ ಚರ್ಚೆಗೆ ಬಂತು. ಅವರೇ 2024ರ ಜನವರಿಯಲ್ಲಿ ಮತ್ತೆ ಪರ್ಯಾಯ ಪೀಠವನ್ನು ಏರಿದರು. ಆದರೆ ಆ ಚರ್ಚೆ ಯತಿಧರ್ಮಕ್ಕೆ ಸಂಬಂಧಿಸಿದ್ದು, ಗೃಹಸ್ಥರಿಗಲ್ಲ. ಗೃಹಸ್ಥರ ಮಟ್ಟಿಗೆ ಸಮುದಾಯವು ಈ ವಿಷಯವನ್ನು ಬಹುಕಾಲದ ಹಿಂದೆಯೇ ತೀರ್ಮಾನಿಸಿಬಿಟ್ಟಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟ್ರೌಡ್ಸ್‌ಬರ್ಗ್‌ನಲ್ಲಿ ಶೃಂಗೇರಿ ಪರಂಪರೆಯದೇ ಶಾರದಾ ದೇವಾಲಯವಿದೆ. ಪೂಜೆಗೆ ಮುನ್ನ ದೇಶಕಾಲಗಳನ್ನು ಹೇಳಿಕೊಳ್ಳುವ ಸಂಕಲ್ಪದಲ್ಲಿ, ಮಲೆನಾಡಿನ ಪುರೋಹಿತರು ಜಂಬೂದ್ವೀಪವನ್ನೂ ಗೋದಾವರಿಯ ದಕ್ಷಿಣ ತೀರವನ್ನೂ ಹೇಳುವ ಜಾಗದಲ್ಲಿ, ಅಮೆರಿಕದ ಅನೇಕ ಪುರೋಹಿತರು ಕ್ರೌಂಚದ್ವೀಪ ಎಂದು ಹೇಳಿ ಕರ್ಮವನ್ನು ಮುಂದುವರಿಸುತ್ತಾರೆ. ನೆಲ ಬದಲಾದರೆ ಸಂಕಲ್ಪದ ಸ್ಥಳನಾಮವನ್ನು ಬದಲಿಸಿಕೊಳ್ಳಬಹುದು ಎಂದು ಒಪ್ಪಿದ ಮೇಲೆ, ಆ ನೆಲದಲ್ಲಿ ಕಾಲಿಡುವುದೇ ಪಾಪವೆಂಬ ವಾದಕ್ಕೆ ಅವಕಾಶ ಉಳಿಯುವುದಿಲ್ಲ.

ಹಾಗಾದರೆ ಪ್ರಶ್ನೆ ಮುಗಿಯಿತೇ ಎಂದರೆ ಇಲ್ಲ. ಅದು ಸ್ಥಳದಿಂದ ಋಣಕ್ಕೆ ಸರಿಯಿತು. ಬ್ರಾಹ್ಮಣನು ಹುಟ್ಟುತ್ತಲೇ ಋಷಿಗಳಿಗೆ, ದೇವತೆಗಳಿಗೆ ಮತ್ತು ಪಿತೃಗಳಿಗೆ ಋಣಿಯಾಗಿರುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಶತಪಥ ಬ್ರಾಹ್ಮಣವು ಇದಕ್ಕೆ ಮನುಷ್ಯಋಣ ಎಂಬ ನಾಲ್ಕನೆಯದನ್ನು ಸೇರಿಸುತ್ತದೆ. ಇಲ್ಲಿ ಋಣವೆಂದರೆ ಪಡೆದದ್ದನ್ನು ಕೊಟ್ಟವರಿಗೇ ಹಿಂದಿರುಗಿಸುವ ಸಾಲವಲ್ಲ, ತಾನೊಬ್ಬನೇ ತನ್ನನ್ನು ರೂಪಿಸಿಕೊಂಡಿಲ್ಲ ಎಂಬ ಅರಿವಿನಿಂದ ಹುಟ್ಟುವ ಹೊಣೆ. ವೀಸಾ ಅರ್ಜಿಯಲ್ಲಿ ಒಬ್ಬ ವ್ಯಕ್ತಿಯ ಪರಿಣತಿ ಎಂದು ನಮೂದಾಗುವುದರ ಹಿಂದೆ ಊರಿನ ಸರಕಾರಿ ಶಾಲೆ, ಮೇಷ್ಟರು, ಅಡಿಕೆ ಮಾರಿ ಕಟ್ಟಿದ ಶುಲ್ಕ, ಮಳೆಗಾಲದಲ್ಲಿ ಮರವೇರಿ ಔಷಧಿ ಹೊಡೆದ ಕೂಲಿಯಾಳಿನ ಶ್ರಮ ಎಲ್ಲವೂ ಇವೆ. ಹೊರಡುವವರು ಕೇಳಿಕೊಳ್ಳಬೇಕಾದದ್ದು, ಹೋದರೆ ಮೈಲಿಗೆಯಾಗುತ್ತದೆಯೇ ಎಂದಲ್ಲ, ಈ ಹೊಣೆಗಳನ್ನು ಯಾರ ಕೈಗೆ, ಯಾವ ಒಪ್ಪಂದದ ಮೇಲೆ ಬಿಟ್ಟು ಹೋಗುತ್ತೇವೆ ಎಂದು.

ಈ ಪ್ರಶ್ನೆಯನ್ನು ಅತ್ಯಂತ ಸಮರ್ಥವಾಗಿ ಎತ್ತುವ ಕಥೆ ಶೃಂಗೇರಿಯ ಹೆಸರಿನಲ್ಲಿಯೇ ಇದೆ. ಸ್ಥಳೀಯ ಐತಿಹ್ಯದಂತೆ ಶೃಂಗೇರಿಯು ಋಷ್ಯಶೃಂಗ ಮುನಿಯ ಗಿರಿ; ಸಮೀಪದ ಕಿಗ್ಗದಲ್ಲಿ ಅವನ ದೇವಾಲಯವಿದ್ದು, ಮಳೆ ಬಾರದಿದ್ದಾಗಲೂ ಅತಿಯಾದಾಗಲೂ ಭಕ್ತರು ಅಲ್ಲಿಗೆ ಹೋಗಿ ಪ್ರಾರ್ಥಿಸುತ್ತಾರೆ; ಅವನ ತಂದೆ ವಿಭಾಂಡಕನು ಶೃಂಗೇರಿ ಪೇಟೆಯ ನಡುವಿನ ಗುಡ್ಡದ ಮೇಲಿರುವ ಮಲಹಾನಿಕರೇಶ್ವರ ಲಿಂಗದಲ್ಲಿ ಐಕ್ಯನಾದನೆಂದು ನಂಬುತ್ತಾರೆ. ಮಹಾಭಾರತದ ವನಪರ್ವದಲ್ಲಿ ಬರುವ ಕಥೆಯ ಪ್ರಕಾರ ಅಂಗದೇಶದಲ್ಲಿ ಮಳೆ ನಿಂತುಹೋಯಿತು, ಋಷ್ಯಶೃಂಗನು ಕಾಲಿಟ್ಟರೆ ಮಳೆ ಬರುವುದೆಂದು ಅರಿತ ರಾಜ ರೋಮಪಾದನು ವೇಶ್ಯೆಯರನ್ನು ಕಳುಹಿಸಿ, ತಂದೆ ಆಶ್ರಮದಲ್ಲಿಲ್ಲದ ಹೊತ್ತಿನಲ್ಲಿ ಅವನನ್ನು ಕರೆಸಿಕೊಂಡನು. ಮಳೆ ಬಂತು, ರಾಜ ತನ್ನ ಮಗಳು ಶಾಂತೆಯನ್ನು ಅವನಿಗೆ ಮದುವೆ ಮಾಡಿಕೊಟ್ಟನು. ಒಂದು ರಾಜ್ಯದಲ್ಲಿ ಇಲ್ಲದ ಸಾಮರ್ಥ್ಯವು ಬೇರೆ ನಾಡಿನ ಒಬ್ಬ ತರುಣನಲ್ಲಿದ್ದು, ಆ ರಾಜ್ಯವು ತನ್ನ ಕೊರತೆ ನೀಗಿಸಿಕೊಳ್ಳಲು ಅವನನ್ನು ಕರೆಸಿಕೊಂಡು ಗೌರವದಿಂದ ನೆಲೆಗೊಳಿಸಿತು ಎಂಬುದು ಇದರ ಸಾರ. ಇಂದಿನ ಉದ್ಯೋಗ ವೀಸಾದ ತಿರುಳೂ ಇದೇ.

ಆದರೆ ಮಹಾಭಾರತ ಮಳೆ ಬಂದಲ್ಲಿಗೆ ಕಥೆಯನ್ನು ನಿಲ್ಲಿಸುವುದಿಲ್ಲ, ಬರಿದಾದ ಆಶ್ರಮಕ್ಕೆ ಹಿಂದಿರುಗಿದ ತಂದೆಯ ಕಡೆಗೂ ತಿರುಗುತ್ತದೆ. ಮಗನನ್ನು ಕಾಣದೆ ಕೋಪಗೊಂಡ ವಿಭಾಂಡಕನು ರಾಜನನ್ನೂ ರಾಜ್ಯವನ್ನೂ ಸುಡುವ ಆಗ್ರಹದಿಂದ ಅಂಗದೇಶದ ರಾಜಧಾನಿ ಚಂಪಾನಗರಿಯ ದಾರಿ ಹಿಡಿಯುತ್ತಾನೆ. ಇದನ್ನು ಮೊದಲೇ ಊಹಿಸಿದ್ದ ರಾಜನು ದಾರಿಯುದ್ದಕ್ಕೂ ದನಕರುಗಳನ್ನೂ ಗೋವಳರನ್ನೂ ಉಳುಮೆಯ ಹೊಲಗಳನ್ನೂ ಏರ್ಪಡಿಸಿರುತ್ತಾನೆ. ದಣಿದು ಹಸಿದು ಬಂದ ಮುನಿಯನ್ನು ಗೋವಳರು ಉಪಚರಿಸಿ, ಈ ಸಂಪತ್ತೆಲ್ಲ ಯಾರದೆಂದು ಅವನು ಕೇಳಿದಾಗ ನಿಮ್ಮ ಮಗನದೇ ಎಂದು ಕೈಮುಗಿಯುತ್ತಾರೆ. ಊರೂರಿನಲ್ಲಿಯೂ ಇದೇ ಉತ್ತರ ಕೇಳಿ ಅವನ ಕೋಪ ತಣಿಯುತ್ತದೆ. ಮಗ ಕಳುಹಿಸಿದ ಹಣದಲ್ಲಿ ಹೆಂಚಿನ ಮನೆಗೆ ತಾರಸಿ ಬಂದಾಗ, ತೋಟಕ್ಕೆ ಹೊಸ ಪಂಪು ಕೂತಾಗ, ಅಂಗಳದಲ್ಲಿ ಕಾರು ನಿಂತಾಗ ಮಲೆನಾಡಿನ ತಂದೆಯ ಮನಸ್ಸೂ ಹೀಗೆಯೇ ಮೃದುವಾಗುತ್ತದೆ. ಅದು ಸಹಜ, ಅದರಲ್ಲಿ ತಪ್ಪಿಲ್ಲ. ಗಮನಿಸಬೇಕಾದದ್ದು ಮುಂದಿನದು. ಕೋಪ ತಣಿದ ಮೇಲೂ ವಿಭಾಂಡಕನು ಮಗನನ್ನು ಸುಮ್ಮನೆ ಬಿಟ್ಟು ಬರುವುದಿಲ್ಲ: ರಾಜನಿಗೆ ಬೇಕಾದದ್ದನ್ನೆಲ್ಲ ನೆರವೇರಿಸು, ಮಗ ಹುಟ್ಟಿದ ಬಳಿಕ ಕಾಡಿಗೆ ಮರಳಿ ಬಾ ಎಂದು ಅವಧಿಯನ್ನು ಗೊತ್ತುಮಾಡುತ್ತಾನೆ. ಋಷ್ಯಶೃಂಗನು ಆ ಮಾತನ್ನು ನಡೆಸಿಕೊಟ್ಟು ಹಿಂದಿರುಗುತ್ತಾನೆ, ಶಾಂತೆಯೂ ಅವನೊಡನೆ ಕಾಡಿಗೆ ಬರುತ್ತಾಳೆ. ಸಂಪತ್ತಿನಿಂದ ತಂದೆಯ ಕೋಪವಷ್ಟೇ ಶಮನವಾಯಿತು. ಋಣದ ಇತ್ಯರ್ಥಕ್ಕೆ ಕರಾರೇ ಬೇಕಾಯಿತು ಎಂಬ ಸೂಕ್ಷ್ಮವನ್ನು ಈ ಕಥೆ ಕೈಬಿಟ್ಟಿಲ್ಲ.

ಇದರ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ನಿರ್ಗಮನವಿದೆ, ಅದು ಶೃಂಗೇರಿಯಿಂದ ಹೊರಟದ್ದಲ್ಲ, ಶೃಂಗೇರಿಯ ಕಡೆಗೆ ಬಂದದ್ದು. ಶಂಕರಾಚಾರ್ಯರು ಕೇರಳದ ಕಾಲಟಿಯಲ್ಲಿ ವಿಧವೆ ತಾಯಿ ಆರ್ಯಾಂಬೆಯ ಒಬ್ಬನೇ ಮಗ. ಪೂರ್ಣಾ ನದಿಯಲ್ಲಿ ಮೊಸಳೆ ಕಾಲು ಹಿಡಿದ ಸಂದರ್ಭದಲ್ಲಿ ಅವರು ತಾಯಿಯಿಂದ ಸಂನ್ಯಾಸಕ್ಕೆ ಅನುಮತಿ ಪಡೆದರೆಂದೂ, ಅಂತ್ಯಕಾಲದಲ್ಲಿ ಬಳಿಗೆ ಬರುವುದಾಗಿ ಮಾತು ಕೊಟ್ಟರೆಂದೂ, ಸಂನ್ಯಾಸಿಗೆ ಅಪರಕರ್ಮದ ಅಧಿಕಾರವಿಲ್ಲವೆಂದು ಬಂಧುಗಳು ವಿರೋಧಿಸಿದರೂ ಕೊಟ್ಟ ಮಾತಿನಂತೆ ತಾವೇ ತಾಯಿಯ ಸಂಸ್ಕಾರ ನೆರವೇರಿಸಿದರೆಂದೂ ಶಂಕರವಿಜಯದ ಪರಂಪರೆ ಹೇಳುತ್ತದೆ. ಕಾಲಟಿಯ ಆ ಸ್ಥಳವನ್ನು ಗುರುತಿಸಿ, 1910ರಲ್ಲಿ ಅಲ್ಲಿ ದೇವಾಲಯಗಳನ್ನು ಪ್ರತಿಷ್ಠಾಪಿಸಿದವರು ಶೃಂಗೇರಿಯ 33ನೆಯ ಪೀಠಾಧಿಪತಿ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು. ಸಕಲ ಕರ್ಮಗಳನ್ನೂ ತ್ಯಜಿಸುವ ಸಂನ್ಯಾಸಕ್ಕೇ ತಾಯಿಯ ಒಪ್ಪಿಗೆ ಬೇಕೆಂದೂ, ಆ ಸಂನ್ಯಾಸದ ನಿಯಮಕ್ಕಿಂತ ತಾಯಿಗೆ ಕೊಟ್ಟ ಮಾತು ದೊಡ್ಡದೆಂದೂ ಒಪ್ಪಿದ ಪರಂಪರೆಯು, ಸಂಬಳಕ್ಕಾಗಿ ಹೊರಡುವ ಗೃಹಸ್ಥನಿಗೆ ಕಡಿಮೆ ಹೊಣೆಯನ್ನು ಹೊರಿಸಲಾರದು. ಹಾಗೆಯೇ, ಒಬ್ಬನೇ ಮಗನೂ ಹೊರಡಬಹುದೆಂದು ಒಪ್ಪಿದ ಪರಂಪರೆಯು ಹೊರಡುವುದನ್ನೇ ಅಧರ್ಮವೆಂದೂ ಹೇಳಲಾರದು.

ಈ ಹೊಣೆಯನ್ನು ಆಧುನಿಕ ವೀಸಾ ಕಾನೂನು ನೆನಪಿಸುವುದಿಲ್ಲ. ಎಚ್-1ಬಿ ವೀಸಾ ಪಡೆದವರ ಅವಲಂಬಿತರಾಗಿ ಗಂಡ ಅಥವಾ ಹೆಂಡತಿ ಮತ್ತು 21 ವರ್ಷ ತುಂಬದ ಅವಿವಾಹಿತ ಮಕ್ಕಳು ಹೋಗಬಹುದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲಿಯೂ ಸಂಗಾತಿ ಮತ್ತು ಮಕ್ಕಳಿಗೆ ಮಾತ್ರ ಜಾಗ. ಅಲ್ಲಿ ವೃದ್ಧರ ಆರೈಕೆ ಮಾಡುವ ಕೆಲಸಕ್ಕೆ ಹೊಸದಾಗಿ ಬರುವವರು ತಮ್ಮ ಮಕ್ಕಳನ್ನು ಕೂಡ ಕರೆತರಬಾರದೆಂದು 2024ರ ಮಾರ್ಚ್ 11ರಿಂದ ನಿಯಮವಾಯಿತು. ಆಸ್ಟ್ರೇಲಿಯಾದ ಅಂಕಪದ್ಧತಿ ವಯಸ್ಸಿಗೆ ನೀಡುವ ಗರಿಷ್ಠ 30 ಅಂಕಗಳು 25ರಿಂದ 32 ವರ್ಷದವರಿಗೆ ಸಲ್ಲುತ್ತವೆ. ಸಾಮಾನ್ಯವಾಗಿ ತಂದೆತಾಯಿಗಳು ಅರವತ್ತರ ಸಮೀಪಕ್ಕೆ ಬಂದು, ತೋಟದ ಕೆಲಸ ಕೈಗೂಡದೆ ಫಸಲನ್ನು ಚೇಣಿಗೆ, ಎಂದರೆ ಗುತ್ತಿಗೆಗೆ, ಕೊಡುವ ಯೋಚನೆ ಮಾಡುವ ಕಾಲವೂ ಅದೇ. ಯಾವ ದೇಶವೂ ತನ್ನ ಅಗತ್ಯಕ್ಕೆ ತಕ್ಕಂತೆ ನಿಯಮ ಮಾಡಿಕೊಳ್ಳುತ್ತದೆ, ಅದನ್ನು ದೂರಿ ಫಲವಿಲ್ಲ. ಆದರೆ ಅರ್ಜಿಯ ನಮೂನೆ ಕುಟುಂಬವೆಂದು ಕರೆದಷ್ಟೇ ಕುಟುಂಬ ಎಂದು ಅರ್ಜಿದಾರನ ಮನಸ್ಸು ಒಪ್ಪಿಕೊಂಡರೆ ಅದು ಧರ್ಮದ ನಷ್ಟ.

ಇಲ್ಲಿ ನರಸಿಂಹರಾಜಪುರದ ಜೈನ ಪರಂಪರೆಯಿಂದ ಕಲಿಯಬೇಕಾದದ್ದು ಬಹಳವಿದೆ. ಜ್ವಾಲಾಮಾಲಿನಿ ದೇವಿಯ ಕ್ಷೇತ್ರವಾದ ಸಿಂಹನಗದ್ದೆಯ ಬಸದಿಗೆ ನಡೆದುಕೊಳ್ಳುವ ದಿಗಂಬರ ಶ್ರಾವಕರಿಗೆ, ಅಂದರೆ ಗೃಹಸ್ಥ ಜೈನರಿಗೆ, ತತ್ತ್ವಾರ್ಥಸೂತ್ರವು ಹೇಳುವ ವ್ರತಗಳಲ್ಲಿ ದಿಗ್ವ್ರತ ಒಂದು. ಯಾವ ದಿಕ್ಕಿನಲ್ಲಿ ಎಷ್ಟು ದೂರ ಹೋಗುವೆನೆಂದು ಮುಂಚೆಯೇ ಮಿತಿ ಹಾಕಿಕೊಳ್ಳುವುದು ಈ ವ್ರತ. ಇದರ ಗುರಿ ನೆಲದ ಮೈಲಿಗೆಯಲ್ಲ, ಆಸೆಯ ನಿಯಂತ್ರಣ. ಹಾಕಿಕೊಂಡ ಮಿತಿಯನ್ನು ಹಿಗ್ಗಿಸುವ ಕ್ಷೇತ್ರವೃದ್ಧಿಯನ್ನೂ, ಹಾಕಿಕೊಂಡ ಮಿತಿಯೇ ಮರೆತುಹೋಗುವ ಸ್ಮೃತ್ಯಂತರಾಧಾನವನ್ನೂ ಸೂತ್ರಕಾರರು ಈ ವ್ರತದ ಅತಿಚಾರಗಳಾಗಿ, ಎಂದರೆ ದೋಷಗಳಾಗಿ ಎಣಿಸುತ್ತಾರೆ. ವಲಸೆಯ ಮನಸ್ಸು ನಡೆಯುವ ಬಗೆ ಇದಕ್ಕಿಂತ ನಿಖರವಾಗಿ ನಿರೂಪಿತವಾಗಿರುವುದು ಅಪರೂಪ. ಸಾಲ ತೀರುವವರೆಗೆ ಎಂದು ಹೊರಟವರು ಮನೆ ಕಟ್ಟುವವರೆಗೆ ಎನ್ನುತ್ತಾರೆ, ಆಮೇಲೆ ಕಾಯಂ ನಿವಾಸದ ಪತ್ರ ಕೈಗೆ ಬರುವವರೆಗೆ, ಮಕ್ಕಳ ಓದು ಮುಗಿಯುವವರೆಗೆ ಎಂದು ಗಡುವು ಮುಂದೆ ಹೋಗುತ್ತದೆ. ಕೊನೆಗೆ ಅಂಥದೊಂದು ಗಡುವು ಇತ್ತೆಂಬುದು ಊರಿನಲ್ಲಿ ಕಾಯುತ್ತಿರುವ ತಾಯಿಗೆ ಮಾತ್ರ ನೆನಪಿರುತ್ತದೆ. ಅದೇ ಗ್ರಂಥವು ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆ ಸೃಷ್ಟಿಸುವುದನ್ನು ಹೆಸರಿಸುತ್ತದೆ. ಇಲ್ಲದ ಅನುಭವಕ್ಕೆ ಪ್ರಮಾಣಪತ್ರ ಹೊಂದಿಸುವುದು ಕಾನೂನಿನ ದೃಷ್ಟಿಯಲ್ಲಿ ಎಷ್ಟು ಅಪರಾಧವೋ, ವ್ರತದ ದೃಷ್ಟಿಯಲ್ಲಿಯೂ ಅಷ್ಟೇ ಪತನ. ಸುಳ್ಳಿನ ಮೇಲೆ ಕಟ್ಟಿದ ಬದುಕಿನಿಂದ ಯಾವ ಋಣವೂ ತೀರುವುದಿಲ್ಲ.

ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳ ಧರ್ಮಗ್ರಂಥವೂ ಇದೇ ದಿಕ್ಕಿನಲ್ಲಿ ಮಾತನಾಡುತ್ತದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದು ಹೇಳಿ ಹೊಣೆಯಿಂದ ಜಾರಿಕೊಳ್ಳುವವರನ್ನು ಯೇಸು ಖಂಡಿಸಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ದೇವರ ಹೆಸರೇ ನೆಪವಾಗಲಾರದೆಂದ ಮೇಲೆ ವೃತ್ತಿಯ ಏಳಿಗೆ ನೆಪವಾಗಲಾರದು. ಭಾರತದ ಕಾನೂನೂ ಇದನ್ನು ಗುರುತಿಸಿದೆ: 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯು ಹೊರದೇಶಗಳಲ್ಲಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆ. ಆದರೆ ಆ ಕಾಯ್ದೆಯಡಿಯ ನ್ಯಾಯಮಂಡಳಿ ಕೊಡಿಸಬಲ್ಲದ್ದು ಮಾಸಿಕ ಜೀವನಾಂಶವನ್ನು. ಜಡಿಮಳೆಯ ರಾತ್ರಿ ಕರೆಂಟು ಹೋಗಿ, ಫೋನು ಸಿಗದೆ, ತಂದೆಗೆ ಎದೆನೋವು ಬಂದಾಗ ಜೀಪು ತರುವವರು ಯಾರು ಎಂಬುದನ್ನು ಅದು ನಿರ್ಣಯಿಸಲಾರದು.

ಋಣದ ಮಾತು ಎಳೆಯರನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ ಎಂಬ ಆಕ್ಷೇಪವನ್ನು ಗೌರವದಿಂದಲೇ ಪರಿಶೀಲಿಸಬೇಕು. ಮಕ್ಕಳು ಹೋಗಲಿ ಎಂದು ಬಯಸಿ ಸಾಲ ಮಾಡಿ ಓದಿಸಿದವರು ಎಷ್ಟೋ ಸಲ ತಂದೆತಾಯಿಗಳೇ. ರೋಗ ಬಿದ್ದ ತೋಟದಲ್ಲಿ ಮಗಳನ್ನೋ ಮಗನನ್ನೋ ಉಳಿಸಿಕೊಳ್ಳುವುದು ಪ್ರೀತಿಯಲ್ಲ. ಇಷ್ಟಕ್ಕೂ ಹೆತ್ತವರನ್ನು ನೋಡಿಕೊಳ್ಳುವ ಭಾರ ಊರಿನಲ್ಲಿ ಉಳಿದ ಸೊಸೆಯ ಅಥವಾ ಮಗಳ ತಲೆಗೆ ಒಪ್ಪಿಗೆ ಕೇಳದೆಯೇ ಬೀಳುತ್ತಿರುವುದು ಇನ್ನೊಂದು ಅನ್ಯಾಯ. ಈ ಆಕ್ಷೇಪ ನಿಜವಾಗಿರುವುದರಿಂದಲೇ ಕರಾರು ಬೇಕು. ವಿಭಾಂಡಕನು ಮಗನನ್ನು ಎಳೆದು ತರಲಿಲ್ಲ, ಆರ್ಯಾಂಬೆ ಕೊನೆಗೆ ಮಗನನ್ನು ತಡೆಯಲಿಲ್ಲ. ಇಬ್ಬರೂ ಮಾತು ಪಡೆದು ಬಿಟ್ಟುಕೊಟ್ಟರು. ಬಿಟ್ಟುಕೊಡುವುದು ಹಿರಿಯರ ಧರ್ಮ, ಮಾತಿಗೆ ಕಟ್ಟುಬೀಳುವುದು ಹೊರಡುವವರ ಧರ್ಮ, ಉಳಿಯುವವರ ಪಾಲಿನ ಭಾರವನ್ನು ಮರೆಯದಿರುವುದು ಇಬ್ಬರ ಧರ್ಮ.

ಆದ್ದರಿಂದ ವೀಸಾಕ್ಕೆ ಅರ್ಜಿ ಹಾಕುವುದು ಅಧರ್ಮವಲ್ಲ; ಹೆತ್ತವರೊಡನೆ ಮಾತು ಮುಗಿಸದೆ ಅರ್ಜಿ ಹಾಕುವುದು ಅಧರ್ಮ. ಈ ಮೂರು ತಾಲ್ಲೂಕುಗಳಿಂದ ಹೊರಡಲಿರುವ ಪ್ರತಿಯೊಬ್ಬರೂ, ಅರ್ಜಿಯ ಶುಲ್ಕ ಕಟ್ಟುವ ಮೊದಲು, ತಂದೆತಾಯಿ ಮತ್ತು ಒಡಹುಟ್ಟಿದವರೊಡನೆ ಕೂತು, ಎಷ್ಟು ವರ್ಷದ ನಂತರ ಮರಳುವ ವಿಚಾರವನ್ನು ಮತ್ತೆ ಎತ್ತಿಕೊಳ್ಳುವುದು, ಕಾಯಿಲೆ ಬಿದ್ದರೆ ಯಾರು ಓಡಿಬರುವುದು, ತೋಟವನ್ನು ಯಾರು ನೋಡಿಕೊಳ್ಳುವುದು, ನೋಡಿಕೊಂಡವರಿಗೆ ಏನು ಸಲ್ಲಬೇಕು ಎಂಬುದನ್ನು ಬಾಯಿಬಿಟ್ಟು ಆಡಿ, ಒಪ್ಪಿ, ಬರೆದಿಡಲಿ. ಗಡುವನ್ನು ಬದಲಿಸಬೇಕಾಗಿ ಬಂದರೆ ಮತ್ತೆ ಅವರನ್ನೇ ಕೇಳಿ ಬದಲಿಸಲಿ.