ಅಗಲಿಕೆಯೂ ಪ್ರೀತಿಯಾಗಬಲ್ಲುದೇ?

1947ರ ಜನವರಿ 3ರಂದು ಕೆನಡಾದ ರಾಜಧಾನಿ ಒಟ್ಟಾವದ ಸರ್ವೋಚ್ಚ ನ್ಯಾಯಾಲಯದ ಭವನದಲ್ಲಿ ಒಂದು ಅಪೂರ್ವ ಸಮಾರಂಭ ನಡೆಯಿತು. ಕೆನಡಾದ ಪೌರತ್ವ ಎಂಬುದು ಕಾನೂನಿನ ಮೂಲಕ ಜಾರಿಗೆ ಬಂದು ಆಗ ಎರಡೇ ದಿನಗಳಾಗಿದ್ದವು. ಮೊದಲ ಪ್ರಮಾಣಪತ್ರವನ್ನು ಪ್ರಧಾನಮಂತ್ರಿ ಮ್ಯಾಕೆಂಜಿ ಕಿಂಗ್ ಅವರೇ ಸ್ವೀಕರಿಸಿದರು. ಅಂದು ಅವರೊಂದಿಗೆ ಪ್ರಮಾಣಪತ್ರ ಪಡೆದವರಲ್ಲಿ 87 ವರ್ಷದ ಒಬ್ಬ ಬೇಸಾಯಗಾರರೂ ಇದ್ದರು. ಅವರೇ ವಾಸಿಲ್ ಎಲೆನ್ಯಾಕ್. ದೇಶದ ಪ್ರಧಾನಿಯ ಸಾಲಿನಲ್ಲಿ ನಿಂತ ಈ ವೃದ್ಧರು 55 ವರ್ಷಗಳ ಹಿಂದೆ ಆ ದೇಶದ ಮಣ್ಣನ್ನು ಮೆಟ್ಟಿದಾಗ ಕೇವಲ ಕೂಲಿಯಾಳು. ಹೆಂಡತಿ ಮಕ್ಕಳನ್ನು ಸಾಗರದಾಚೆ ಬಿಟ್ಟು ಬಂದಿದ್ದವರು.

ಎಲೆನ್ಯಾಕ್ ಅವರು 1859ರಲ್ಲಿ ಜನಿಸಿದ್ದು ಕಾರ್ಪೇಥಿಯನ್ ಬೆಟ್ಟಗಳ ಅಡಿಯಲ್ಲಿರುವ ನೆಬಿಲಿವ್ ಎಂಬ ಹಳ್ಳಿಯಲ್ಲಿ. ಇಂದು ಪಶ್ಚಿಮ ಉಕ್ರೇನಿಗೆ ಸೇರಿದ ಆ ಗಲೀಶಿಯ ಸೀಮೆ ಆಗ ಆಸ್ಟ್ರಿಯಾ ಚಕ್ರಾಧಿಪತ್ಯದ ಅಧೀನದಲ್ಲಿತ್ತು. ಜೀತಪದ್ಧತಿ 1848ರಲ್ಲೇ ಕೊನೆಗೊಂಡಿದ್ದರೂ ಕಾಡು ಮತ್ತು ಹುಲ್ಲುಗಾವಲುಗಳ ಮೇಲಿನ ಹಿಡಿತ ಬಹುಮಟ್ಟಿಗೆ ಜಮೀನುದಾರರಲ್ಲೇ ಉಳಿದಿತ್ತು. ತಂದೆಯ ಹೊಲ ಮಕ್ಕಳಲ್ಲಿ, ಮಕ್ಕಳ ಪಾಲು ಮೊಮ್ಮಕ್ಕಳಲ್ಲಿ ಹಂಚಿಹೋಗಿ ರೈತನ ಭೂಮಿ ತುಂಡುತುಂಡಾಗಿತ್ತು. ಇಂಥ ಕಾಲದಲ್ಲಿ ನೆರೆಹೊರೆಯ ಜರ್ಮನ್ನರಿಂದ ಕೆನಡಾದ ಸುದ್ದಿ ಕೇಳಿದ ಇವಾನ್ ಪಿಲಿಪಿವ್ ಅವರೊಂದಿಗೆ ಎಲೆನ್ಯಾಕರೂ ಹೊರಟರು. 1891ರ ಸೆಪ್ಟೆಂಬರ್ 7ರಂದು ಇಬ್ಬರೂ ಮಾಂಟ್ರಿಯಲ್ ಬಂದರಿನಲ್ಲಿ ಇಳಿದರು. ಕೆನಡಾಕ್ಕೆ ಉಕ್ರೇನಿಯರ ವಲಸೆಯ ಆರಂಭವನ್ನು ಈ ಇಬ್ಬರಿಂದಲೇ ಎಣಿಸುತ್ತಾರೆ. 1914ರ ಹೊತ್ತಿಗೆ ಅವರ ಹಿಂದೆ ಬಂದವರ ಸಂಖ್ಯೆ ಸುಮಾರು 1,70,000.

ಇಲ್ಲಿ ನಮ್ಮನ್ನು ಕಾಡುವ ಒಂದು ಪ್ರಶ್ನೆಯಿದೆ. ಕುಟುಂಬಕ್ಕಾಗಿ ಕುಟುಂಬವನ್ನೇ ಬಿಟ್ಟು ಹೋಗುವವನನ್ನು ಕುಟುಂಬವತ್ಸಲನೆಂದು ಕರೆಯಬಹುದೇ? ಮಕ್ಕಳಿಗೆ ತಂದೆಯಿಂದ ಬೇಕಾದದ್ದು ಅನ್ನವೇ, ಸನ್ನಿಧಿಯೇ? ಎರಡೂ ಬೇಕು ಎನ್ನುವುದು ಸುಲಭ. ಎರಡರಲ್ಲಿ ಒಂದನ್ನೇ ಕೊಡಲು ಸಾಧ್ಯವಾಗುವ ದಿನ ಬಂದಾಗಲೇ ಪ್ರೀತಿಯ ಪರೀಕ್ಷೆ.

ಪವಿತ್ರ ಗ್ರಂಥ ಈ ಸಂಕಟವನ್ನು ಮರೆಮಾಚಿಲ್ಲ. ಯಕೋಬನು ಪರದೇಶದಲ್ಲಿ ವರ್ಷಗಟ್ಟಲೆ ಸೋದರಮಾವನ ಹಿಂಡು ಕಾಯ್ದನು. ಕ್ಷಾಮ ಬಂದಾಗ ಅವನ ಮಕ್ಕಳು ಧಾನ್ಯಕ್ಕಾಗಿ ಈಜಿಪ್ಟಿನ ದಾರಿ ಹಿಡಿದರು. ಸಂತ ಜೋಸೆಫರು ಮಾತ್ರ ತಾಯಿಯನ್ನೂ ಮಗುವನ್ನೂ ಜೊತೆಯಲ್ಲೇ ಕರೆದುಕೊಂಡು ರಾತ್ರೋರಾತ್ರಿ ಹೊರಟರು. ಆ ಭಾಗ್ಯ ಎಲ್ಲ ತಂದೆಯರಿಗೂ ದೊರೆಯುವುದಿಲ್ಲ.

ನೆಬಿಲಿವ್‌ನ ಇಬ್ಬರಿಗೂ ದೊರೆಯಲಿಲ್ಲ. ಪಿಲಿಪಿವ್ ಅವರು ಕುಟುಂಬವನ್ನು ಕರೆತರಲೆಂದು ಊರಿಗೆ ಮರಳಿದಾಗ, ಜನರನ್ನು ವಲಸೆಗೆ ಪ್ರಚೋದಿಸಿದ ಆರೋಪದ ಮೇಲೆ ಸೆರೆವಾಸ ಅನುಭವಿಸಬೇಕಾಯಿತು. ಎಲೆನ್ಯಾಕ್ ಅವರು ಮ್ಯಾನಿಟೋಬಾದ ಮೆನೊನೈಟ್ ಕ್ರೈಸ್ತರ ಹೊಲಗಳಲ್ಲಿ ಕೂಲಿಮಾಡುತ್ತ ಹಣ ಕೂಡಿಹಾಕಿದರು. ಮುಂದೆ ಹೆಂಡತಿ ಮಕ್ಕಳನ್ನು ಬರಮಾಡಿಕೊಂಡು 1898ರಲ್ಲಿ ಆಲ್ಬರ್ಟಾದ ಚಿಪ್ಮನ್ ಬಳಿ ನೆಲೆನಿಂತರು. ಇತಿಹಾಸ ಹೊರಟವರ ಹೆಸರನ್ನು ಬರೆದಿಡುತ್ತದೆ. ಹೊಸ್ತಿಲಲ್ಲಿ ಕಾದವರ ಹೆಸರನ್ನು ಬರೆಯುವುದು ಅಪರೂಪ. ಆದರೆ ದುಡಿದವನ ತ್ಯಾಗದಷ್ಟೇ ಕಾದವಳ ತ್ಯಾಗವೂ ದೇವರ ಲೆಕ್ಕದಲ್ಲಿದೆ.

ಆ ದಿನಗಳಲ್ಲಿ ಕೆನಡಾ ಸರ್ಕಾರ 10 ಡಾಲರ್ ಶುಲ್ಕಕ್ಕೆ 160 ಎಕರೆ ಭೂಮಿ ಕೊಡುತ್ತಿತ್ತು. ಅದಕ್ಕೊಂದು ಷರತ್ತೂ ಇತ್ತು: ಮೂರು ವರ್ಷಗಳೊಳಗೆ ಮನೆ ಕಟ್ಟಬೇಕು, ನೆಲ ಹಸನುಗೊಳಿಸಬೇಕು, ಅಲ್ಲೇ ವಾಸಿಸಬೇಕು. ಮೊದಲ ಚಳಿಗಾಲವನ್ನು ಅನೇಕ ಕುಟುಂಬಗಳು ನೆಲ ಅಗೆದು ಮೇಲೆ ಹುಲ್ಲುಹೆಂಟೆ ಮುಚ್ಚಿದ ಗುಳಿಮನೆಗಳಲ್ಲಿ ಕಳೆದವು. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವ ಚಳಿ ಅದು. ಕಾನೂನು ಕೇಳಿದ್ದು ಮೂರು ವರ್ಷಗಳ ವಾಸ. ಎಲೆನ್ಯಾಕ್ ಅವರಾದರೋ 1956ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚುವವರೆಗೂ ಆ ನಾಡನ್ನೇ ತಮ್ಮದಾಗಿಸಿಕೊಂಡರು. ಹೊರಡುವುದಕ್ಕೆ ಒಂದು ದಿನದ ಧೈರ್ಯ ಸಾಕು. ಉಳಿಯುವುದಕ್ಕೆ ಪ್ರತಿ ಮುಂಜಾನೆಯೂ ಹೊಸ ಧೈರ್ಯ ಬೇಕು.

ಆರಂಭದ ವರ್ಷಗಳಲ್ಲಿ ಈ ವಲಸಿಗರಿಗೆ ತಮ್ಮ ಗ್ರೀಕ್ ಕಥೋಲಿಕ ವಿಧಿಯ ಗುರುಗಳೇ ಇರಲಿಲ್ಲ. 1897ರಲ್ಲಿ ಗುರು ನೆಸ್ತೋರ್ ದ್ಮಿತ್ರಿವ್ ಬಂದ ಮೇಲೆಯೇ ಅವರ ವಿಧಿಯ ಬಲಿಪೂಜೆ ಆ ಬಯಲುಗಳಲ್ಲಿ ನಡೆದದ್ದು. ಅಲ್ಲಿಯವರೆಗೆ ವಿಶ್ವಾಸವನ್ನು ಕಾಯ್ದುಕೊಂಡದ್ದು ಮನೆಯ ಪ್ರಾರ್ಥನೆಯೇ. 1912ರಲ್ಲಿ ಅವರ ಮೊದಲ ಧರ್ಮಾಧ್ಯಕ್ಷರಾಗಿ ನಿಕಿತಾ ಬುಡ್ಕಾ ಬಂದರು. ಅವರ ಬದುಕು ಎಲೆನ್ಯಾಕರದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಗಲೀಶಿಯಕ್ಕೆ ಹಿಂದಿರುಗಿದ ಅವರು 1945ರಲ್ಲಿ ಸೋವಿಯತ್ ಆಡಳಿತದಿಂದ ಬಂಧಿತರಾಗಿ 1949ರಲ್ಲಿ ಕಝಾಕ್‌ಸ್ತಾನದಲ್ಲಿ ಸೆರೆಯಾಳಾಗಿಯೇ ಮೃತರಾದರು. 2001ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಪುನೀತರೆಂದು ಸಾರಿದರು. ಒಬ್ಬರು ಹೋಗಿ ಉಳಿದರು, ಇನ್ನೊಬ್ಬರು ಮರಳಿ ಹೋಗಿ ಮಡಿದರು. ನಿಷ್ಠೆಗೆ ಒಂದೇ ದಾರಿಯಿಲ್ಲ.

ಈ ಕಥೆಯ ನೆರಳನ್ನೂ ನಾವು ನೋಡಬೇಕು. ಆ 160 ಎಕರೆಗಳು ಯಾರೂ ಇಲ್ಲದ ಭೂಮಿಯಾಗಿರಲಿಲ್ಲ. 1876ರ ಒಪ್ಪಂದದ ಬಳಿಕ ಕ್ರೀ ಮೊದಲಾದ ಮೂಲನಿವಾಸಿಗಳು ತಮ್ಮ ವಿಶಾಲ ನೆಲದಿಂದ ಸಣ್ಣ ಮೀಸಲು ಪ್ರದೇಶಗಳಿಗೆ ಸರಿಯಬೇಕಾಗಿ ಬಂದಿತ್ತು. ಒಬ್ಬ ತಂದೆಯ ಆಸರೆ ಇನ್ನೊಬ್ಬ ತಂದೆಯ ನಷ್ಟದ ಮೇಲೆ ನಿಂತಿತ್ತು. ವಲಸಿಗರಿಗೂ ಅಪಮಾನ ತಪ್ಪಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆನಡಾ 8,579 ಮಂದಿಯನ್ನು ಶತ್ರುದೇಶದವರೆಂದು ಶಿಬಿರಗಳಲ್ಲಿ ಬಂಧಿಸಿಟ್ಟಿತು. ಅವರಲ್ಲಿ ಬಹುಪಾಲು ಉಕ್ರೇನಿಯರು. ಆದುದರಿಂದ ನನ್ನ ಮಕ್ಕಳ ಮೇಲಿನ ಪ್ರೀತಿ ಪರರ ಮಕ್ಕಳನ್ನು ಕಾಣದಷ್ಟು ಕುರುಡಾಗಬಾರದು.

ಕಾಲ ಈ ಪ್ರಶ್ನೆಯನ್ನು ತಿರುಗಿಸಿಯೂ ಕೇಳಿದೆ. 2022ರ ಫೆಬ್ರುವರಿಯಲ್ಲಿ ರಷ್ಯಾ ಪೂರ್ಣಪ್ರಮಾಣದ ದಾಳಿ ಆರಂಭಿಸಿದಾಗ ಉಕ್ರೇನ್ 18ರಿಂದ 60ರ ವಯಸ್ಸಿನ ಗಂಡಸರು ದೇಶ ಬಿಡುವುದನ್ನು ನಿರ್ಬಂಧಿಸಿತು. ಅಂದು ಗಡಿ ದಾಟಿದವರು ಹೆಂಡತಿ ಮಕ್ಕಳು, ಹಿಂದುಳಿದವರು ತಂದೆಯರು.

ಹಾಗಾದರೆ ಅಗಲಿಕೆ ಪ್ರೀತಿಯಾಗಬಲ್ಲುದೇ? ಆಗಬಲ್ಲುದು, ಅದು ತನ್ನ ಕೊನೆಗಾಗಿ ದುಡಿಯುವವರೆಗೆ. ಎಲೆನ್ಯಾಕರ ಕೂಲಿಯ ಪ್ರತಿ ಡಾಲರೂ ಆ ದೂರವನ್ನು ಅಷ್ಟಷ್ಟು ಕಡಿಮೆಮಾಡಿತು. ಅಗಲಿಕೆಯೇ ಅಭ್ಯಾಸವಾಗಿ, ಕಳುಹಿಸಿದ ಹಣವೇ ತಂದೆಯ ಸ್ಥಾನದಲ್ಲಿ ಕುಳಿತರೆ ಅದು ಪ್ರೀತಿಯ ಹೆಸರಿನ ಮರೆವು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರನ್ನು ತೀರ್ಪಿಗೆ ಗುರಿಪಡಿಸುವ ಹಕ್ಕು ನಮಗಿಲ್ಲ. ಸಂಜೆಯ ಜಪಸರದಲ್ಲಿ ಅವರ ಹೆಸರು ಹೇಳುವ, ಅವರ ಮಕ್ಕಳ ಮೇಲೆ ಒಂದು ಕಣ್ಣಿಡುವ, ಅವರ ಮರಳುವಿಕೆಗೆ ದಾರಿಯನ್ನು ಸಲೀಸುಗೊಳಿಸುವ ಹೊಣೆ ಮಾತ್ರ ನಮ್ಮೆಲ್ಲರದು. ಅಪರಿಚಿತ ನಾಡಿನಲ್ಲಿ ಮಗುವನ್ನು ಎದೆಗಪ್ಪಿ ನಡೆದ ಸಂತ ಜೋಸೆಫರು ಅವರೆಲ್ಲರನ್ನೂ ಮನೆಗೆ ಮುಟ್ಟಿಸಲಿ.