ಓದಿಗೊಂದು ಜೊತೆ ಬೇಡಿ

ಕೊಟ್ಟೂರೇಶ, ಗುರುಬಸವರಾಜ, ನಿನ್ನ ಪಾದಕ್ಕೆ ಶರಣು.

ಮಾಘದಲ್ಲಿ ಕೊಟ್ಟೂರಿನ ನಿನ್ನ ತೇರಿಗೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯಿಂದ ಜನ ನಡೆದು ಬರುತ್ತಾರೆ. ದಾರಿ ಬಲ್ಲವರು ಮುಂದಿರುತ್ತಾರೆ, ಹೊಸಬರು ಹಿಂದಿರುತ್ತಾರೆ; ಹೆಜ್ಜೆ ಮಾತ್ರ ಅವರವರದೇ. ವಚನದ ಓದಿಗೂ ನಮಗೆ ಅಂಥ ಜೊತೆ ಕೊಡು ತಂದೆ.

ಬೆಳಗಿನ ಲಿಂಗಪೂಜೆ ಮುಗಿಸಿ, ಹೊಲಕ್ಕೋ ಅಂಗಡಿಗೋ ಹೊರಡುವ ಮುಂಚೆ ಒಂದು ವಚನ ಓದುವವರು ನಾವು. ಅಲ್ಲಮಪ್ರಭುವಿನ ಒಗಟಿನಂಥ ಬೆಡಗಿನ ವಚನ ಎದುರಾದರೆ ಓದು ಅಲ್ಲೇ ನಿಲ್ಲುತ್ತದೆ. ಅದಕ್ಕೆಂದೇ ಹಿರಿಯರು ಅರ್ಥ ಬಿಡಿಸುವ ಟೀಕೆ ಬರೆದಿಟ್ಟರು. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಗಳನ್ನು ವಿಷಯವಾರು ಜೋಡಿಸಿ ‘ವಚನಶಾಸ್ತ್ರಸಾರ’ ಕೊಟ್ಟರು. 1993ರ ಸಮಗ್ರ ವಚನ ಸಂಪುಟಗಳಲ್ಲಿ 15ನೆಯದು ಪರಿಭಾಷಾ ಕೋಶ. ಪ್ರಾಣಲಿಂಗ, ಐಕ್ಯಸ್ಥಲದಂಥ ಪಾರಿಭಾಷಿಕ ಪದಗಳಲ್ಲಿ ತಡವರಿಸುವವರ ಕೈಗೆ ಅದು ಸಿಗಲಿ. ಆ ದುಡಿಮೆಗೆಲ್ಲ ಕೈಮುಗಿಯುತ್ತೇನೆ.

ಎಲ್ಲಕ್ಕಿಂತ ಮಿಗಿಲಾಗಿ ‘ಶೂನ್ಯಸಂಪಾದನೆ’ಗೆ ಶರಣು. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಶರಣರ ಸಂವಾದವಾಗಿ ಪೋಣಿಸಿದರು. ನಡುನಡುವೆ ತಮ್ಮ ಗದ್ಯ ಸೇರಿಸಿ ಸಂದರ್ಭ ಕಟ್ಟಿದರು. ಮುಕ್ತಾಯಕ್ಕನ ವಚನವನ್ನು ಬಿಡಿಯಾಗಿ ಓದಿದರೆ ಅಣ್ಣ ಅಜಗಣ್ಣನನ್ನು ಕಳೆದುಕೊಂಡವಳ ಅಳಲು ಕೇಳುತ್ತದೆ. ಶೂನ್ಯಸಂಪಾದನೆಯಲ್ಲಿ ಓದಿದರೆ ಅವಳ ಎದುರಿಗೆ ಅಲ್ಲಮ ನಿಂತಿರುತ್ತಾನೆ. ದುಃಖದ ನಡುವೆಯೂ ಅವಳು ಅವನ ಮಾತನ್ನು ತಟ್ಟನೆ ಒಪ್ಪುವುದಿಲ್ಲ. ಅರಿವು ನೆಲೆಗೊಂಡವನಿಗೆ ಇನ್ನೂ ನುಡಿಯ ಹಂಗೇಕೆ ಎಂದು ಪ್ರಭುವನ್ನೇ ಪ್ರಶ್ನಿಸುತ್ತಾಳೆ. ಪ್ರಭು ಸಿಟ್ಟಾಗದೆ ಉತ್ತರ ಕೊಡುತ್ತಾನೆ. ಅವಳ ತಿಳಿವು ಬೆಳೆದದ್ದು ಆ ಎದುರುಮಾತಿನಲ್ಲೇ.

ಗುರುವೇ, ನನ್ನ ಬೇಡಿಕೆ ಇಷ್ಟೇ. ಟೀಕೆ ತೆರೆಯುವ ಮುನ್ನ ವಚನವನ್ನು ಗಟ್ಟಿಯಾಗಿ ಓದಿ, ಅದರ ಮುಂದೆ ಸುಮ್ಮನೆ ಕೂರುವ ತಾಳ್ಮೆ ಕೊಡು. ಟೀಕೆ ಓದಿದ ಮೇಲೆ ಮರಳಿ ವಚನಕ್ಕೇ ಬರುವ ಬುದ್ಧಿ ಕೊಡು. ಟೀಕಾಕಾರರ ಮಾತು ಒಗ್ಗದಿದ್ದರೆ ವಿನಯ ಬಿಡದೆ ಕೇಳುವ ಮುಕ್ತಾಯಕ್ಕನ ಎದೆಗಾರಿಕೆ ಕೊಡು. ಅರ್ಥವಾದದ್ದು ದಾಸೋಹದಲ್ಲಿ, ತಕ್ಕಡಿಯಲ್ಲಿ, ಕೂಲಿ ಕೊಡುವ ಕೈಯಲ್ಲಿ ಕಾಣಲಿ.

ನಮ್ಮ ಮನೆಯ ಮಗಳು ಓದಿನ ನಡುವೆ ‘ಇದು ಹೀಗ್ಯಾಕೆ?’ ಎಂದು ಕೇಳಿದರೆ, ಪುಸ್ತಕ ತೋರಿಸಿ ಅವಳ ಬಾಯಿ ಮುಚ್ಚಿಸದಂತೆ ನಮ್ಮನ್ನು ಕಾಯಿ. ಅವಳ ಪ್ರಶ್ನೆಯೂ ನಿನಗೆ ಸಲ್ಲುವ ಪೂಜೆಯೆಂದು ನಮಗೆ ತಿಳಿಸಿಕೊಡು.