ದೋಹಾದಲ್ಲಿ ಸಂಧ್ಯೆ ಎಷ್ಟು ಹೊತ್ತಿಗೆ?

ಸಿದ್ದಾಪುರ ಸೀಮೆಯ ಅಡಿಕೆ ತೋಟದ ಮನೆಗಳಿಂದ ಅಮೆರಿಕಕ್ಕೆ ಹೊರಡುವವರಲ್ಲಿ ಅರವತ್ತು ದಾಟಿದ ಅಪ್ಪ-ಆಯಿಯರೂ ಇದ್ದಾರೆ. ಮಗಳ ಬಾಣಂತನವೋ, ಮೊಮ್ಮಗನ ಉಪನಯನವೋ ನೆಪ. ತಾಳಗುಪ್ಪದಲ್ಲಿ ರೈಲು ಹತ್ತಿ ಬೆಂಗಳೂರು, ಅಲ್ಲಿಂದ ದೋಹಾ ಅಥವಾ ದುಬೈ, ಅಲ್ಲಿ ಒಂದೆರಡು ತಾಸು ಕಾಯುವುದು, ಆಮೇಲೆ ಹದಿನಾಲ್ಕು ತಾಸು ಆಕಾಶ. ಮಕ್ಕಳು ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಕೈಚೀಲದಲ್ಲಿ ಯಾವ ದ್ರವವೂ 100 ಮಿಲಿ ದಾಟುವಂತಿಲ್ಲ, ಅಪ್ಪೆಮಿಡಿ ದೊಡ್ಡ ಬ್ಯಾಗಿಗೆ. ಈರುಳ್ಳಿ, ಬೆಳ್ಳುಳ್ಳಿ ಬೇಡದಿದ್ದರೆ ಜೈನ ಊಟವೆಂದು ಮೊದಲೇ ಬರೆಸಬೇಕು. ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ಸಾಮಾನು ಬಿಡಿಸಿಕೊಳ್ಳಬೇಕು.

ಒಂದಕ್ಕೆ ಮಾತ್ರ ಮಕ್ಕಳ ಬಳಿ ಉತ್ತರವಿಲ್ಲ. ದಾರಿಯಲ್ಲಿ ಸಂಧ್ಯಾವಂದನೆ ಯಾವ ಹೊತ್ತಿಗೆ, ಯಾವ ಊರಿನ ಲೆಕ್ಕದಲ್ಲಿ?

ಇದು ಹಳೆಯ ಕಾಲದವರ ಹಟವೆಂದು ತಳ್ಳಿಹಾಕುವಂಥದ್ದಲ್ಲ. ಸಂಕಲ್ಪ ಮಾಡುವವನು ತಾನು ನಿಂತ ನೆಲವನ್ನೂ ನಿಂತ ಹೊತ್ತನ್ನೂ ಹೆಸರಿಟ್ಟು ಹೇಳಬೇಕು. ಮನೆಯಲ್ಲಿ ಗೋಕರ್ಣ ಮಂಡಲವೆಂದರೆ ಮುಗಿಯಿತು. ಅಮೆರಿಕದ ದೇವಸ್ಥಾನಗಳ ಅರ್ಚಕರೂ ಆ ನೆಲಕ್ಕೆ ಕ್ರೌಂಚದ್ವೀಪ, ರಮಣಕವರ್ಷ ಎಂಬ ಹೆಸರುಗಳನ್ನು ಪುರಾಣದಿಂದ ಹುಡುಕಿಕೊಂಡಿದ್ದಾರೆ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುವ ಕುರ್ಚಿಗೆ ಏನೆಂದು ಹೆಸರಿಡುವುದು?

ಹೊತ್ತಿನ ಗೊಂದಲ ಇನ್ನೂ ದೊಡ್ಡದು. ಚಳಿಗಾಲದಲ್ಲಿ ಬೆಳಿಗ್ಗೆ ಎಂಟಕ್ಕೆ ದೋಹಾ ಬಿಟ್ಟವರು ಹದಿನಾಲ್ಕು ತಾಸು ಹಾರಿ ನ್ಯೂಯಾರ್ಕಿನಲ್ಲಿ ಇಳಿದಾಗ ಅಲ್ಲಿ ಇನ್ನೂ ಮಧ್ಯಾಹ್ನ ಎರಡು. ಸಿದ್ದಾಪುರದಲ್ಲಿ ಆಗಲೇ ನಡುರಾತ್ರಿ ಹನ್ನೆರಡೂವರೆ. ಏಕಾದಶಿಯೂ ಹೀಗೆಯೇ. ಸೂರ್ಯನಿಂದ ಚಂದ್ರ ಪ್ರತಿ 12 ಡಿಗ್ರಿ ದೂರ ಸರಿದಂತೆ ತಿಥಿ ಬದಲಾಗುತ್ತದೆ. ಆ ಕ್ಷಣ ಜಗತ್ತಿಗೆಲ್ಲ ಒಂದೇ. ಆದರೆ ದಿನಕ್ಕೆ ತಿಥಿಯನ್ನು ಕೊಡುವುದು ಆಯಾ ಊರಿನ ಸೂರ್ಯೋದಯ. ಅದಕ್ಕೇ ಅಪ್ಪ ಇಲ್ಲಿ ಉಪವಾಸವಿದ್ದ ದಿನ ಅಲ್ಲಿ ಮಗನಿಗೆ ಪಾರಣೆಯಾಗಿರಬಹುದು.

ಬೇರೆ ಧರ್ಮದವರೂ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. 2003ರಲ್ಲಿ ಕೊಲಂಬಿಯಾ ನೌಕೆ ಏರಿದ ಇಸ್ರೇಲಿನ ಇಲಾನ್ ರಾಮೋನ್‌ಗೆ ತೊಂಬತ್ತು ನಿಮಿಷಕ್ಕೊಂದು ಸೂರ್ಯೋದಯ. ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಅವರು ಹೊರಟ ನೆಲ ಕೇಪ್ ಕೆನವೆರಲ್‌ನ ಹೊತ್ತಿಗೆ ಎಣಿಸಿದರು. 2007ರಲ್ಲಿ ಮಲೇಷ್ಯಾದ ಶೇಖ್ ಮುಸ್ಜಾಫರ್ ಬಾಹ್ಯಾಕಾಶಕ್ಕೆ ಹೋದಾಗಲೂ ಅಲ್ಲಿನ ವಿದ್ವಾಂಸರು ನಮಾಜಿನ ವೇಳೆಗೆ ಉಡಾವಣೆಯ ಜಾಗವನ್ನೇ ಆಧಾರ ಮಾಡಿಕೊಟ್ಟರು.

ನಮ್ಮಲ್ಲಿ ಪ್ರಶ್ನೆ ತಿರುಗಿದ್ದು ಬೇರೆ ಕಡೆಗೆ: ಹೋಗಬಹುದೇ ಎಂಬುದಕ್ಕೆ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ದೂಡುವ ಕೆಲಸಗಳ ಸಾಲಿನಲ್ಲಿಡುತ್ತದೆ. ಅದೇ ಗ್ರಂಥ ಕಡಲಿಗಿಳಿಯುವುದು ಉತ್ತರದವರ ರೂಢಿ ಎಂದೂ ಹೇಳುತ್ತದೆ. ಸೂತ್ರಕಾರನ ಕಾಲಕ್ಕೇ ಜನ ಹೊರಟಾಗಿತ್ತು ಅನ್ನಿ. 2008ರ ಜನವರಿಯಲ್ಲಿ ಉಡುಪಿಯ ಪುತ್ತಿಗೆ ಮಠದ ಪರ್ಯಾಯದ ಹೊತ್ತಿಗೆ, ವಿದೇಶಕ್ಕೆ ಹೋಗಿಬಂದ ಆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ವಾದವೆದ್ದಿತು. 2024ರ ಜನವರಿಯಲ್ಲಿ ಅವರೇ ನಾಲ್ಕನೆಯ ಬಾರಿ ಸರ್ವಜ್ಞ ಪೀಠವೇರಿದರು. ಹೋಗಬಹುದೇ ಎಂಬುದನ್ನೇ ಇಷ್ಟು ಕಾಲ ಜಗ್ಗಾಡಿ, ಹೋಗುವವನ ಅನುಷ್ಠಾನದ ಬಗ್ಗೆ ನಾವು ಮಾತಾಡಿದ್ದು ಕಡಿಮೆ. ಅದು ನಿಜವಾದ ಕೊರತೆ.

ಹೊರಟ ನೆಲದ ಗಡಿಯಾರ ಸಬ್ಬತ್ತಿಗೆ ಒಪ್ಪೀತು, ಸಂಧ್ಯೆಗೆ ಒಪ್ಪದು. ಸಂಧ್ಯೆ ಗಂಟೆಯಲ್ಲ, ಕಣ್ಣೆದುರಿನ ಸೂರ್ಯ. ಊರಿನಲ್ಲಿ ಕತ್ತಲಾಯಿತೆಂದು ಕಿಟಕಿಯಾಚೆ ಉರಿಯುವ ಬಿಸಿಲಿನ ಎದುರು ಸಾಯಂಸಂಧ್ಯೆ ಮಾಡುವುದು ಸುಳ್ಳಾಗುತ್ತದೆ. ಆಕಾಶದಲ್ಲಿ ಮಾನಸಿಕ ಜಪ ಸಾಕು. ಹೊತ್ತು ಮೀರಿದ್ದಕ್ಕೆ ಪ್ರಾಯಶ್ಚಿತ್ತದ ಅರ್ಘ್ಯವನ್ನು ಹಿರಿಯರು ಹೇಗೂ ಇಟ್ಟಿದ್ದಾರೆ.

ಉಳಿಯುವುದು ನಡುವಿನ ನಿಲ್ದಾಣ. ಚಳಿಗಾಲದಲ್ಲಿ ಬೆಂಗಳೂರಿನಿಂದ ನಸುಕಿನ ನಾಲ್ಕಕ್ಕೆ ಹೊರಟರೆ ನಾಲ್ಕೂವರೆ ತಾಸಿಗೆ ದೋಹಾ. ಕೈಗಡಿಯಾರದಲ್ಲಿ ಊರಿನ ಎಂಟೂವರೆ, ಹೊರಗೆ ಬೆಳಗಿನ ಆರು, ಸೂರ್ಯ ಇನ್ನೂ ಮೂಡಿಲ್ಲ. ಕೈಚೀಲದಲ್ಲಿ ಬರಿದಾಗಿ ಬಂದ ತಾಮ್ರದ ಪಂಚಪಾತ್ರೆಗೆ ತಪಾಸಣೆ ಮುಗಿದ ಮೇಲೆ ಕುಡಿಯುವ ನೀರಿನ ನಲ್ಲಿಯಿಂದ ನೀರು. ಪೂರ್ವದ ಗಾಜಿನ ಗೋಡೆಯ ಬಳಿ ಒಂದು ಮೂಲೆ ಸಿಕ್ಕರೆ, ನೆಲ ಒದ್ದೆಯಾಗದಂತೆ ಕೆಳಗೊಂದು ತಟ್ಟೆ. ಬೊಗಸೆಯಿಂದ ಮೂರು ಸಲ ನೀರು ಜಾರುವಷ್ಟರಲ್ಲಿ ರನ್‌ವೇಯ ಆಚೆ, ಮರಳಿನ ಮೇಲೆ, ಕೆಂಪು ಅಂಚು ಕಾಣುತ್ತದೆ.